ಒಂಬತ್ತು ಹನ್ನೆರಡರ ರಸೀದಿ

ನಮ್ಮೂರಿಗೆ ರಸ್ತೆಯಿಲ್ಲ.
ಡಿಸೆಂಬರಿನಿಂದ ಮೇ ತನಕ
ಕಡಲು ಹೆಪ್ಪುಗಟ್ಟಿ ತಾನೇ ರಸ್ತೆಯಾಗುತ್ತದೆ.
ಗ್ರೀನ್‌ಲ್ಯಾಂಡಿನ ಈ ದಂಡೆಯಲ್ಲಿ
ಅದಕ್ಕೆ ಸುಂಕವಿಲ್ಲ, ಮೈಲುಗಲ್ಲಿಲ್ಲ.
ಎಲ್ಲಿ ಗಟ್ಟಿ, ಎಲ್ಲಿ ತೆಳು ಎಂದು
ನೀರ್ಗಲ್ಲು ತಾನಾಗಿ ಬಾಯಿ ಬಿಡುವುದಿಲ್ಲ.
ಬಿಟ್ಟರೆ, ಒಂದೇ ಸಲ.

ಅದಕ್ಕೇ ನಾವು ಮೂವತ್ತೆಂಟು ಜನ
ಫೋನಿನೊಳಗೊಂದು ಗುಂಪು ಮಾಡಿಕೊಂಡೆವು.
ಮುದುಕ ಎಲಿಯಾಸೆರಾಕ್ ಬರೆದ ಕಟ್ಟಳೆ,
ಕಾಗುಣಿತ ತಪ್ಪಿದ ಒಂದೇ ಸಾಲು:
ನಿನ್ನ ಹಾರೆ ಮುಟ್ಟಿದ್ದನ್ನು ಮಾತ್ರ ಬರೆ.

ಬೆಳಗಾದರೆ (ಬೆಳಗು ಅನ್ನುವುದು ಮಾತಿಗೆ;
ಜನವರಿಯ ಸೂರ್ಯ ಸಾಲ ಉಳಿಸಿಕೊಂಡ ಗಿರಾಕಿ,
ಮುಖ ತೋರಿಸುವುದಿಲ್ಲ)
ಒಂದೊಂದೇ ಸಾಲು ಮಿನುಗುತ್ತಿತ್ತು.
ಕರಿಬಂಡೆಯ ಹತ್ತಿರ ಒಂದು ಗೇಣು.
ಹೊಳೆ ಸೇರುವಲ್ಲಿ ನಾಲ್ಕೇ ಬೆರಳು, ಸುತ್ತಿ ಹೋಗಿ.
ತೇಲುಗುಡ್ಡದ ಎಡಕ್ಕೆ ಬಿರುಕು,
ನಾಯಿಗಳು ಹಾರಿದವು, ನಾನು ಹಾರಲಿಲ್ಲ.
ಆ ಸಾಲುಗಳ ಮೇಲೆ ಕಾಲಿಟ್ಟು
ಜನ ಮೀನಿಗೆ ಹೋದರು, ಹೆರಿಗೆಗೆ ಹೋದರು,
ಒಮ್ಮೆ ಒಂದು ಹೆಣವನ್ನೂ ದಾಟಿಸಿದರು.

ಆ ದಿನ ಉಜೂಟ್ ನನ್ನ ಅಂಗಡಿಯಲ್ಲಿದ್ದ.
ಕಾಫಿಪುಡಿ, ಎರಡು ಬ್ಯಾಟರಿ, ಬಿಸ್ಕತ್ತು.
ಯಂತ್ರ ರಸೀದಿ ಕಕ್ಕಿತು: ಒಂಬತ್ತು ಹನ್ನೆರಡು.
ಬಾಗಿಲ ಬಳಿ ನಿಂತು
ಕೈಗವಸನ್ನು ಹಲ್ಲಲ್ಲಿ ಕಚ್ಚಿ ಎಳೆದು
ಹೆಬ್ಬೆರಳಿನಿಂದ ಏನೋ ಒತ್ತಿದ.
ಕೌಂಟರಿನ ಮೇಲೆ ನನ್ನ ಫೋನು ನಡುಗಿತು:
ಕೊಲ್ಲಿಯ ನಡು ದಾಟುತ್ತಿದ್ದೇನೆ. ಒಂದೂವರೆ ಗೇಣು. ಭಯವಿಲ್ಲ.

ಅವನ ಬೂಟಿನ ಹಿಮ
ನನ್ನ ನೆಲದ ಮೇಲೆ ಇನ್ನೂ ಕರಗಿರಲಿಲ್ಲ.

ನಕ್ಕುಬಿಟ್ಟೆ. ಹುಡುಗ,
ನಿನ್ನೆ ಹೋಗಿರಬಹುದು, ಯಾರೋ ಹೇಳಿರಬಹುದು,
ನಸುಕಿನಲ್ಲೇ ಹೋಗಿ ಬಂದಿರಬಹುದು.
ಬಹುದುಗಳನ್ನು ಒಟ್ಟಿ ಸೇತುವೆ ಕಟ್ಟಿ
ನಾನೂ ಒಂದು ಹೆಬ್ಬೆರಳೆತ್ತಿದೆ.
ನನ್ನ ಹಿಂದೆ ಇನ್ನೂ ಹನ್ನೊಂದು.

ತಬಿತಾ ಆ ಹನ್ನೆರಡು ಹೆಬ್ಬೆರಳುಗಳ ಮೇಲೆ
ಜಾರುಬಂಡಿ ಹೂಡಿ ಹೊರಟಳು.

ಬದುಕಿದಳು. ಎಡಗಾಲಿನ ಎರಡು ಬೆರಳು ಹೋದವು.
ಮುಂದಾಳು ನಾಯಿ
ಕೊನೆಯವರೆಗೂ ಹಗ್ಗ ಎಳೆಯುತ್ತಲೇ ಇತ್ತಂತೆ,
ಕೆಳಕ್ಕೆ.

ಊರು ಉಜೂಟನ ಮೇಲೆ ಬಿತ್ತು.
ಅವನನ್ನು ಗುಂಪಿನಿಂದ ಕಿತ್ತು ಹಾಕಿ ಎಂದರು,
ಅವನಿಗೆ ಸೀಮೆಎಣ್ಣೆ ಮಾರಬೇಡ ಎಂದು ನನಗೂ ಹೇಳಿದರು.
ನಾನು ಹೂಂ ಅಂದೆ.
ರಾತ್ರಿ ಗಲ್ಲಾಪೆಟ್ಟಿಗೆ ಎಣಿಸುವಾಗ
ರಸೀದಿಯ ನಕಲು ಕೈಗೆ ಹತ್ತಿತು.
ಒಲೆಗೆ ಹಾಕಬಹುದಿತ್ತು.
ನೋಡಿ, ಮತ್ತೆ ಬಹುದು.

ಮೂರು ರಾತ್ರಿ ಕಳೆದು ಬರೆದೆ:
ಒಂಬತ್ತು ಹನ್ನೆರಡಕ್ಕೆ ಅವನು ನನ್ನೆದುರಿಗಿದ್ದ.
ನನಗೆ ಗೊತ್ತಿತ್ತು. ಒಪ್ಪಿದೆ.

ಯಾರೂ ಉಸಿರೆತ್ತಲಿಲ್ಲ.
ಓದಿದವರ ಲೆಕ್ಕ ಮಾತ್ರ ಏರುತ್ತಿತ್ತು,
ಹದಿನೇಳು, ಇಪ್ಪತ್ತಾರು, ಮೂವತ್ತೇಳು.
ಆಮೇಲೆ ಎಲಿಯಾಸೆರಾಕ್:
ಅವನ ನಾಯಿಗಳು ಗೂಟದಲ್ಲಿದ್ದದ್ದು ಕಿಟಕಿಯಿಂದ ಕಂಡಿದ್ದೆ.
ಆಮೇಲೆ ಶಾಲೆಯ ಅಡುಗೆಯವಳು:
ನಾನು ಓದದೆಯೇ ಒತ್ತಿದೆ.
ಆಮೇಲೆ ಮೂರು ಜನ. ಉಳಿದವರು ಇವತ್ತಿಗೂ ಬರೆದಿಲ್ಲ.
ತಬಿತಾ ಅಂಗಡಿಗೆ ಬರುತ್ತಾಳೆ, ಕುಂಟುತ್ತಾ,
ಚಿಲ್ಲರೆಯನ್ನು ಎರಡು ಸಲ ಎಣಿಸಿಕೊಳ್ಳುತ್ತಾಳೆ.
ಎಣಿಸಲಿ.

ಉಜೂಟನನ್ನು ಕೀಳಲಿಲ್ಲ.
ವಾರವೆಲ್ಲ ಅವನ ಹೆಸರು ಮಿಣುಕಲಿಲ್ಲ.
ನಿನ್ನೆ ಗಾಳಿ ತಿರುಗಿ, ಥಂಡಿ ಸಡಿಲಿ,
ಎಲ್ಲರೂ ಫೋನು ಹಿಡಿದು ಕಾದಿದ್ದಾಗ
ಒಂದು ಸಾಲು ಬಂತು:
ನಾನು ಇನ್ನೂ ಹೋಗಿಲ್ಲ. ನನಗೆ ಗೊತ್ತಿಲ್ಲ.

ಈ ಚಳಿಗಾಲದಲ್ಲಿ ನಾನು ಓದಿದ
ಅತಿ ಗಟ್ಟಿಯಾದ ಸಾಲು ಅದು.
ಹೆಬ್ಬೆರಳು ಎತ್ತಲಿಲ್ಲ.
ಅಂಗಡಿಗೆ ಬೀಗ ಹಾಕಿ,
ಗಂಡನ ಹಳೆಯ ಹಾರೆ ಹುಡುಕಿ ತೆಗೆದು
ದಂಡೆಗಿಳಿದೆ.
ಅಲ್ಲಾಗಲೇ ಯಾರೋ ಕುಟ್ಟುತ್ತಿದ್ದರು.